ಬಿಸಿಲು ತಾಕದ ಹಾಗೆ ಕೊಳ್ಳೇಗಾಲಕ್ಕೆ

ವಿದೇಶಕ್ಕೆ ಹೋಗಿಬಂದವರು ಮೊದಲು ಹಡಗಿನ ವಿಷಯ ಬರೆಯುತ್ತಾರೆ. ನನ್ನ ಹಡಗಿಗೆ ಎರಡು ಎತ್ತು, ಮೇಲೊಂದು ಕಮಾನು, ಒಳಗೆ ಹುಲ್ಲಿನ ಮೆತ್ತೆ. ಯಳಂದೂರಿನಿಂದ ಹೊರಟು ಕೊಳ್ಳೇಗಾಲ ಕಂಡು ಹನೂರಿನವರೆಗೆ ಹೋಗಿಬಂದೆ. ಇದು ಯಾವ ಸೀಮೆಯ ವಿದೇಶ ಎಂದು ನಗುವವರು ನಗಲಿ. ಆಗ ನಮ್ಮ ಯಳಂದೂರು ಮೈಸೂರು ಮಹಾರಾಜರ ಸೀಮೆಯಲ್ಲಿತ್ತು. ಕೊಳ್ಳೇಗಾಲ ಇಂಗ್ಲಿಷರದು, ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆ. ನಡುವೆ ಗಡಿಯಿತ್ತು. ಲಂಡನ್ನಿಗೆ ಹೋದವರಿಗೆ ಸಮುದ್ರ ಅಡ್ಡ ಬರುವುದರಿಂದ ತಾವು ಬೇರೆ ದೇಶಕ್ಕೆ ಬಂದಿದ್ದೇವೆಂದು ತಾನಾಗಿ ಗೊತ್ತಾಗುತ್ತದೆ. ನಮಗೆ ಅದೇ ರಾಗಿ ಹೊಲ, ಅದೇ ಹಿಪ್ಪುನೇರಳೆ ತೋಟ, ಅದೇ ಮಾತು. ಪರದೇಶಕ್ಕೆ ಬಂದೆವೆಂದು ನಮಗೆ ನಾವೇ ಹೇಳಿಕೊಳ್ಳುತ್ತಿರಬೇಕಾಗಿತ್ತು. ಅದರ ಕಷ್ಟ ಹಡಗಿನವರಿಗೆ ತಿಳಿಯದು.

ಯಳಂದೂರು

ಗಾಡಿಯವನನ್ನು ಬಿಟ್ಟರೆ ಹೊರಟವರು ಮೂವರು. ನಾನು, ನನ್ನ ಯಜಮಾನರ ತಂಗಿ ಗೌರ, ನಮ್ಮನ್ನು ಕರೆದುಕೊಂಡು ಹೋಗಲು ಯಜಮಾನರ ಸೋದರಮಾವ ಸಿದ್ದಪ್ಪನವರು. ಸಿದ್ದಪ್ಪಮಾವ ರೇಷ್ಮೆ ನೂಲಿನ ವ್ಯಾಪಾರಕ್ಕೆ ಆಗಾಗ ಗಡಿ ದಾಟುತ್ತಿದ್ದುದರಿಂದ ಮನೆಯಲ್ಲಿ ಅವರೇ ದೇಶಾಂತರ ಕಂಡವರು. ಊರವರಿಗೆ ಹೇಳಿದ್ದು, ಹನೂರಿನಲ್ಲಿ ಚಿಕ್ಕಮ್ಮನ ಮನೆಗೆ ಹೋಗುತ್ತೇವೆ ಎಂದು. ನಿಜವಾದ ಕೆಲಸ ದಾರಿಯಲ್ಲಿತ್ತು. ಕೊಳ್ಳೇಗಾಲದ ನೇಯ್ಗೆಯವರ ಮನೆಯಲ್ಲಿ ರಾಮಲಿಂಗನೆಂಬ ವರ. ಅವರ ಮನೆಯಲ್ಲಿ ಒಂದು ರಾತ್ರಿ ತಂಗಬೇಕು, ಆಕಸ್ಮಿಕವಾಗಿ ಎನ್ನುವಂತೆ ಗೌರಳನ್ನು ಅವರು ನೋಡಬೇಕು, ಆಕಸ್ಮಿಕವಾಗಿ ನಾವು ವರನನ್ನು ನೋಡಬೇಕು. ಈ ಆಕಸ್ಮಿಕಕ್ಕೆ ಎರಡೂ ಮನೆಯವರು ಯುಗಾದಿಯಿಂದ ತಯಾರಿ ನಡೆಸಿದ್ದರು.

ವರನ ಗುಣಗಳ ಬಗ್ಗೆ ಸಿದ್ದಪ್ಪಮಾವನನ್ನು ಕೇಳಿದಾಗ ಅವರು ಹೇಳಿದ್ದು ಒಂದೇ.

"ಬಿಳುಪು ಕನವ್ವ. ಅಂಥಾ ಬಿಳುಪ ನಾನು ನಮ್ಮೋರಲ್ಲಿ ಕಂಡಿಲ್ಲ."

"ಬುದ್ಧಿ ಎಂಗೆ ಮಾವ?" ಎಂದಳು ಗೌರ.

"ಬಿಳುಪು ಅಂದ್ನಲ್ಲ" ಎಂದರು ಮಾವ.

ಗೌರ ಬಿಳುಪಲ್ಲ. ಹುಟ್ಟಿದ್ದೇ ಎಣ್ಣೆಗಪ್ಪು, ಉಳಿದದ್ದನ್ನು ನಮ್ಮ ಹೊನ್ನುಹೊಳೆಯ ಬಿಸಿಲು ಮಾಡಿತ್ತು. ಚಿಕ್ಕಂದಿನಿಂದ ಹೊಳೆಯಲ್ಲಿ ಈಜಿಕೊಂಡೇ ಬೆಳೆದವಳು. ನಮ್ಮತ್ತೆ ಬೇಸಿಗೆ ಹುಟ್ಟುವ ಮುಂಚೆಯೇ ಅವಳಿಗೆ ಹೊಳೆ ನಿಷೇಧ ಮಾಡಿ, ಕಡಲೆಹಿಟ್ಟು, ಹಾಲಿನ ಕೆನೆ, ಕಸ್ತೂರಿ ಅರಿಸಿನ ಇವೆಲ್ಲವನ್ನೂ ಅವಳ ಮೇಲೆ ಪ್ರಯೋಗಿಸಿದ್ದರು. ಇದರಿಂದ ಬಣ್ಣವೇನೂ ಬದಲಾಗಲಿಲ್ಲ, ಮನೆಯಲ್ಲಿ ಮೊಸರು ಮಾತ್ರ ಕೆನೆಯಿಲ್ಲದೆ ತೆಳ್ಳಗಾಯಿತು. ಪ್ರಯಾಣಕ್ಕೆ ಅತ್ತೆ ನನಗೆ ಕೊಟ್ಟ ಆಜ್ಞೆ ಹೀಗಿತ್ತು: ಗಾಡಿಯ ಎರಡೂ ಕಡೆ ಪರದೆ ಕಟ್ಟಬೇಕು, ಇಳಿಯುವಾಗ ಕೊಡೆ ಹಿಡಿಯಬೇಕು, ನೀರು ಕಂಡಲ್ಲಿ ಅವಳ ಕೈ ಹಿಡಿದುಕೊಂಡಿರಬೇಕು.

"ಬಿಸಿಲು ನನ್ನ ನೋಡೇ ಇಲ್ವಾ ಇಷ್ಟು ವರ್ಸ? ಇವತ್ತು ಮರೆಮಾಡುದ್ರೆ ಮರ್ತುಬುಡ್ತದಾ?" ಎಂದಳು ಗೌರ, ಗಾಡಿ ಹತ್ತುತ್ತ.

ಗಡಿ

ಗಡಿಯಲ್ಲಿ ಒಂದು ಕಲ್ಲು, ಒಂದು ಹುಣಸೆ ಮರ, ಮರದ ಕೆಳಗೆ ಒಂದು ಸುಂಕದ ಕಟ್ಟೆ. ಕಟ್ಟೆಯ ಮೇಲೆ ಕೂತಿದ್ದವನು ಚಕ್ರವರ್ತಿಗಳ ಪರವಾಗಿ ತೂಕಡಿಸುತ್ತಿದ್ದ. ಗಾಡಿಯ ಪರದೆ ಕಂಡು ಅವನಿಗೆ ಎಚ್ಚರವಾಯಿತು. ಹಗಲಿನಲ್ಲಿ ಪರದೆ ಕಟ್ಟಿಕೊಂಡು ಮೈಸೂರು ಸೀಮೆಯಿಂದ ಬರುವ ಗಾಡಿಯೆಂದರೆ ಒಳಗೆ ಏನೋ ಇರಲೇಬೇಕು.

"ಒಳಗೆ ಎನ್ನ ಇದೆ?" ಎಂದ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ.

"ಎಣ್ಮಕ್ಳು ಸಾ" ಎಂದರು ಮಾವ.

ಅವನು ಪರದೆ ಸರಿಸಿ ನಮ್ಮನ್ನು ಬಿಟ್ಟು ನಮ್ಮ ಹಿತ್ತಾಳೆ ಡಬ್ಬಿಯನ್ನು ಹೊರತೆಗೆದ. ಅತ್ತೆ ದಾರಿಗೆಂದು ಕಲಸಿಕೊಟ್ಟ ಲೇಪ ಅದರಲ್ಲಿತ್ತು. ಮೂಸಿದ, ಬೆರಳಲ್ಲಿ ತೆಗೆದು ನೋಡಿದ. ತಿನ್ನುವ ಪದಾರ್ಥವೆಂದರೆ ನಾರುತ್ತಿತ್ತು, ಔಷಧವೆಂದರೆ ಅರಿಸಿನದ ಬಣ್ಣ. ಏನಿದು ಎಂದು ಕೇಳಿದ. ಮೈ ಬೆಳ್ಳಗಾಗುವುದಕ್ಕೆ ಎಂದು ಮಾವ ವಿವರಿಸಿದರು. ಅವನು ಗೌರಳ ಮುಖ ನೋಡಿದ, ಡಬ್ಬಿ ನೋಡಿದ, ಮತ್ತೆ ಗೌರಳ ಮುಖ ನೋಡಿದ. ಬೆಲೆಯುಳ್ಳ ಸರಕಲ್ಲವೆಂದು ತೀರ್ಮಾನಿಸಿ ಡಬ್ಬಿ ವಾಪಸು ಕೊಟ್ಟ. ಇಂಗ್ಲಿಷರ ಆಡಳಿತದ ನ್ಯಾಯಬುದ್ಧಿಯನ್ನು ನಾನು ಕಣ್ಣಾರೆ ಕಂಡದ್ದು ಇದೊಂದೇ ಸಲ.

ಕೊಳ್ಳೇಗಾಲ

ಕೊಳ್ಳೇಗಾಲದ ಜನ ನಮ್ಮ ಹಾಗೆಯೇ ಇದ್ದಾರೆ. ಆದರೆ ಕಚೇರಿ ಎನ್ನುವಲ್ಲಿ ತಾಲೂಕಾಪೀಸು ಎನ್ನುತ್ತಾರೆ, ಸಿಟ್ಟು ಬಂದರೆ ತಮಿಳಿನಲ್ಲಿ ಬೈಯುತ್ತಾರೆ, ನಮ್ಮನ್ನು ಮೈಸೂರೋರು ಎಂದು ಕರೆದು ನಮಗೆ ಕಾಫಿಗೆ ಇನ್ನಷ್ಟು ಸಕ್ಕರೆ ಹಾಕುತ್ತಾರೆ. ಮಹಾರಾಜರ ಪ್ರಜೆಗಳಿಗೆ ಸಿಹಿಯಿಲ್ಲದೆ ಗಂಟಲಿನಲ್ಲಿ ಇಳಿಯದು ಎಂದು ಅವರಲ್ಲೊಂದು ನಂಬಿಕೆ. ಬೀದಿಗೆ ಕಾಲಿಟ್ಟರೆ ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು. ನೇಯುವವರು ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆವರೆಗೆ ಕೂರುವುದರಿಂದ ಅವರ ಮೈಗೆ ಬಿಸಿಲೆಂಬುದೇ ಇಲ್ಲ.

ವರನ ತಾಯಿ ದೇವಮ್ಮ ಬಾಗಿಲಲ್ಲೇ ನಿಂತಿದ್ದರು. ಗಂಡ ತೀರಿಕೊಂಡ ಮೇಲೆ ಮಗನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಮಗ್ಗದ ಮೇಲೆಯೇ ಸಾಕಿದ ಗಟ್ಟಿ ಹೆಂಗಸು. ನೀರು ಕೊಟ್ಟರು, ಮಜ್ಜಿಗೆ ಕೊಟ್ಟರು, ಗೌರಳನ್ನು ಕಂಡೂ ಕಾಣದಂತೆ ತಲೆಯಿಂದ ಕಾಲಿನವರೆಗೆ ನೋಡಿ ಮುಗಿಸಿದರು. ವರನ ಸುಳಿವಿಲ್ಲ.

"ಉಡ್ಗ ಎಲ್ಲಿ ದೇವಮ್ಮ?" ಎಂದರು ಮಾವ.

"ಮಧುವನಳ್ಳಿಗೆ ಓಗವ್ನೆ ಸಿದ್ದಪ್ಪಣ್ಣ, ನೂಲು ತರಕೆ" ಎಂದರು ದೇವಮ್ಮ.

ಅದೇ ಹೊತ್ತಿಗೆ ಒಳಗಿನಿಂದ ಬಂದ ಅವರ ಕಿರಿಯ ಮಗಳು, "ಅಣ್ಣಂಗೆ ತಲೆನೋವು, ಮಲಗವ್ನೆ" ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಧುವನಹಳ್ಳಿಯಲ್ಲಿ ಮಲಗಿದ್ದಾನೆಂದು ನಾನೇ ಅರ್ಥ ಮಾಡಿಕೊಂಡೆ.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗೆ ಬಟ್ಟೆ ಹೊದಿಸಿದ್ದರು. ಮನೆಯಲ್ಲೆಲ್ಲ ಹರಳೆಣ್ಣೆ ಮತ್ತು ಅರಿಸಿನದ ವಾಸನೆ. ನಮ್ಮ ಅತ್ತೆಯ ಡಬ್ಬಿಯ ವಾಸನೆಯೇ, ಆದರೆ ಹಂಡೆಯಷ್ಟು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಗೌರ ಬಹಳ ಹೊತ್ತಾದ ಮೇಲೆ ಬಂದಳು.

"ಅತ್ಗೆ, ಕೊಟ್ಟಿಗೇಲಿ ಯಾರೋ ಕುಂತವ್ರೆ. ಮೈಯೆಲ್ಲ ಅಳದಿ ಬಳ್ಕಂಡು. ನನ್ನ ನೋಡಿ ಕಂಬಳಿ ಒದ್ಕಂಡ್ರು."

"ಮುಖ ಕಾಣಿಸ್ತಾ?"

"ಮೂಗು ಕಾಣುಸ್ತು. ಆವು ಪೊರೆ ಬುಟ್ಟಂಗೆ ಸುಲಿತಾ ಅದೆ."

ಇದನ್ನು ಅವಳು ನನ್ನ ಕಿವಿಯಲ್ಲಿ ಹೇಳಿದ್ದು. ಆದರೆ ಸಿದ್ದಪ್ಪಮಾವನ ಕಿವಿ ಅಲ್ಲಿಗೆ ಹೇಗೋ ಬಂದಿತ್ತು. ಅವರ ಮುಖ ಬಿಳಿಚಿತು. ಬೀದಿಯ ಕಡೆಗೆ ಹೋಗಿ ಎದುರು ಮನೆಯವರನ್ನು ಹವಾಮಾನ ವಿಚಾರಿಸುವಂತೆ ವಿಚಾರಿಸಿಕೊಂಡು ಬಂದರು. ಹುಡುಗ ವಾರದಿಂದ ಮಗ್ಗಕ್ಕೆ ಕೂತಿಲ್ಲ, ಹೊರಗೆ ಬಂದಿಲ್ಲ, ಚರ್ಮದ್ದೇನೋ ಎಂದು ಅವರು ಹೇಳಿದರಂತೆ.

"ದೊಡ್ಡ ರೋಗ ಕನವ್ವ" ಎಂದರು ಮಾವ ನನ್ನನ್ನು ಮೂಲೆಗೆ ಕರೆದು. ಕುಷ್ಠವೆಂಬ ಮಾತನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. "ಅದ್ಕೇ ಅಷ್ಟು ಬಿಳುಪು. ಬೆಳಕರೀತಿದ್ದಂಗೆ ಒರಟುಬುಡಣ."

ಸಂಬಂಧ ಹುಡುಕುವಾಗ ಬಿಳುಪು ಗುಣವಾಗಿತ್ತು, ಸಂಜೆಯೊಳಗೆ ಅದೇ ರೋಗದ ಲಕ್ಷಣವಾಯಿತು. ಮಾವ ಇದರಲ್ಲಿ ಯಾವ ತೊಂದರೆಯನ್ನೂ ಕಾಣಲಿಲ್ಲ.

ಆದರೆ ದೇವಮ್ಮ ಕಂಡರು. ಊಟಕ್ಕೆ ಬಡಿಸುವಾಗ ಮಾವ ಎಲೆಯಿಂದ ಅರ್ಧ ಮೊಳ ಹಿಂದೆ ಸರಿದು ಕೂತಿದ್ದನ್ನು ನೋಡಿದರು. ಅನ್ನದ ಪಾತ್ರೆ ಕೆಳಗಿಟ್ಟು ಹೇಳಿದರು:

"ಸಿದ್ದಪ್ಪಣ್ಣ, ನೀವು ಏನ್ ಅನ್ಕಂಡಿದೀರಿ ಅಂತ ನಂಗೊತ್ತು. ಅದಲ್ಲ. ನನ್ ಮಗ ಕೆರೇಲಿ ಈಜಕೋಗಿ ಬಿಸ್ಲಲ್ಲಿ ಬೆಂದವ್ನೆ. ನಿಮ್ಗೆ ಇಂಗೆ ತೋರ್ಸಾದು ಎಂಗೆ ಅಂತ ಬಚ್ಚಿಟ್ಟೆ. ತಪ್ಪಾಯ್ತು."

"ಬಿಸ್ಲಲ್ಲಿ ಯಾರ್ ಬೇಯ್ತರೆ ದೇವಮ್ಮ? ನಾವೆಲ್ಲ ಬಿಸ್ಲಲ್ಲೇ ಅಲ್ವಾ ಇರಾದು?" ಎಂದರು ಮಾವ.

"ನನ್ನ ಮಾತು ನಂಬ್ಬೇಡಿ. ನಾಳೆ ನಿಮ್ ಗಾಡೀಲೇ ನಾವೂ ಬತ್ತೀವಿ. ಕಾಮಗೆರೆ ಆಸ್ಪತ್ರೇಲಿ ತೋರ್ಸನ. ಏನಂತರೋ ನಿಮ್ ಕಿವೀಲೇ ಕೇಳ್ಕಳಿ. ಆಮೇಲೆ ಸಂಬಂಧ ಬ್ಯಾಡ ಅನ್ನಿ, ಬೇಜಾರಿಲ್ಲ. ಆ ಮಾತು ಮಾತ್ರ ಒತ್ಕಂಡೋಗ್ಬ್ಯಾಡಿ. ನಂಗಿನ್ನೂ ಎಡ್ಡು ಎಣ್ಮಕ್ಳವೆ."

ಮಧುವನಹಳ್ಳಿ

ಬೆಳಗಿನ ಜಾವ ಹೊರಟ ನಮ್ಮ ಗಾಡಿಯ ಅಂದವನ್ನು ವರ್ಣಿಸಲೇಬೇಕು. ಒಂದು ಮೂಲೆಯಲ್ಲಿ, ಬಿಸಿಲಿಗೆ ಕಪ್ಪಾಗದಿರಲೆಂದು ಸೆರಗು ಹೊದ್ದ ಗೌರ. ಎದುರು ಮೂಲೆಯಲ್ಲಿ, ಬಿಸಿಲಿಗೆ ಕೆಂಪಾಗಿ ಹೋದ ಮೇಲೆ ಕಂಬಳಿ ಹೊದ್ದ ರಾಮಲಿಂಗ. ನಡುವೆ ದೇವಮ್ಮ ಮತ್ತು ನಾನು, ಇಬ್ಬರ ಮರ್ಯಾದೆಗೂ ಕಾವಲು. ಸಿದ್ದಪ್ಪಮಾವ ಗಾಡಿಯೊಳಗಿನ ಗಾಳಿ ತಾಕದಿರಲೆಂದು ಗಾಡಿಯವನ ಪಕ್ಕದಲ್ಲಿ ಮೂಕಿಯ ಮೇಲೆಯೇ ಕೂತಿದ್ದರು. ಸೂರ್ಯ ಇನ್ನೂ ಹುಟ್ಟಿರಲಿಲ್ಲ.

ಮಗ್ಗ ಯಾಕೆ ನಿಂತಿದೆಯೆಂದು ದಾರಿಯಲ್ಲಿ ದೇವಮ್ಮ ಹೇಳಿದರು. ಸುಲಿಯುತ್ತಿರುವ ಕೈ ರೇಷ್ಮೆಗೆ ತಾಕಿದರೆ ಎಳೆ ಸಿಕ್ಕಿಕೊಳ್ಳುತ್ತದೆ, ಹರಿಯುತ್ತದೆ. ಕೈ ನಯವಾಗಲೆಂದು ಹರಳೆಣ್ಣೆ ಹಚ್ಚಿದರು. ಆಮೇಲೆ ಎಣ್ಣೆ ಕಲೆಯಾಗುತ್ತದೆಂದು ಮಗ್ಗದ ಹತ್ತಿರ ಬಿಡುವ ಹಾಗಿಲ್ಲ. ಉರಿ ಇಳಿಯಲೆಂದು ಅರಿಸಿನ ಹಚ್ಚಿದರು. ಈಗ ಬಾಗಿಲ ಹತ್ತಿರವೂ ಬಿಡುವ ಹಾಗಿಲ್ಲ. ಅವನು ಈಜಲು ಹೋಗುವ ಮುಂಚೆಯೂ ಮೈ ಕಪ್ಪಾಗದಿರಲೆಂದು ಪ್ರತಿ ಸಲ ಎಣ್ಣೆ ತಿಕ್ಕಿಯೇ ಕಳಿಸುತ್ತಿದ್ದರಂತೆ.

"ಸಂಜೆ ಓಯ್ತಾನೆ ಅಂದ್ಕಂಡಿದ್ದೆ ಕನವ್ವ. ಮಧ್ಯಾಹ್ನ ಎಲ್ರೂ ಉಂಡು ಮಲಗ್ದಾಗ ಓಯ್ತಿದ್ನಂತೆ. ನೀರ್ ಮ್ಯಾಲೆ ಅಂಗಾತ ಮಲ್ಕಂಡು ತೇಲ್ತಿದ್ನಂತೆ."

"ಮಕ ಮ್ಯಾಲೆ ಮಾಡ್ಕಂಡಾ?" ಎಂದಳು ಗೌರ ತಡೆಯಲಾರದೆ. "ಅಂಗಿ ಇಲ್ದೆ?"

ಕಂಬಳಿ ಹೂಂ ಎಂದಿತು.

"ನೀರಲ್ಲಿದ್ರೆ ತಣ್ಣಗಿರ್ತದೆ, ಗೊತ್ತಾಗಾಕಿಲ್ಲ. ಬಿಸ್ಲು ಮ್ಯಾಲಿಂದ್ಲೂ ಒಡಿತದೆ, ನೀರಿಂದ್ಲೂ ಒಡಿತದೆ. ನಾನು ಮಧ್ಯಾಹ್ನ ಬಿದ್ರೆ ನಮ್ಮಣ್ಣನ ತುಂಬುತೋಳಿನ ಅಂಗಿ ಆಕ್ಕಂಡೇ ಬೀಳಾದು. ಆದ್ರೂ ಮೂಗು ಉರೀತದೆ."

ಒಂದು ಹರೆಯದ ಹುಡುಗಿ ವರನೊಡನೆ ಆಡಬೇಕಾದ ಮೊದಲ ಮಾತು ಇದಲ್ಲ. ನಾನು ಅವಳ ಕಾಲು ಜಿಗುಟಿದೆ. ಕಂಬಳಿಯ ಅಂಚು ಸರಿದು ಒಂದು ಕಣ್ಣು ಹೊರಗೆ ಬಂದು ಅವಳನ್ನು ನೋಡಿತು.

ಮಧುವನಹಳ್ಳಿಯಲ್ಲಿ ಎತ್ತುಗಳಿಗೆ ನೀರು ಕುಡಿಸಲು ನಿಂತೆವು. ಮಾವ ಕಾಫಿ ಕುಡಿದು ಬರುತ್ತೇನೆಂದು ಹೋಟೆಲಿಗೆ ಹೋದರು. ಅಲ್ಲಿ ಅವರಿಗೆ ಹನೂರಿಗೆ ಬಸ್ಸು ಕಾಯುತ್ತಿದ್ದ ರೇಷ್ಮೆಗೂಡಿನ ದಲ್ಲಾಳಿಯೊಬ್ಬ ಸಿಕ್ಕಿದ. ಬಸ್ಸು ಬಂತು, ದಲ್ಲಾಳಿ ಹತ್ತಿದ, ಹೊಗೆ ಮತ್ತು ಧೂಳು ನಮಗೆ ಬಿಟ್ಟು ಬಸ್ಸು ಹೋಯಿತು. ಮಾವ ಹಗುರಾದ ಮುಖದಲ್ಲಿ ವಾಪಸು ಬಂದರು. ಮನಸ್ಸಿನಲ್ಲಿದ್ದ ಭಾರವನ್ನು ಅವನ ಕೈಗೆ ಕೊಟ್ಟಿದ್ದಾರೆಂದು ನನಗೆ ಆಗ ಹೊಳೆಯಲಿಲ್ಲ.

ಕಾಮಗೆರೆ

ಕಾಮಗೆರೆಯ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದ್ದು ಬಿಳಿಯ ಉಡುಪಿನ ಒಬ್ಬ ವಿದೇಶಿ ಸಿಸ್ಟರಮ್ಮ. ವಿದೇಶ ಪ್ರವಾಸದಲ್ಲಿ ನಾನು ಕಂಡ ಒಬ್ಬರೇ ವಿದೇಶಿ ಅವರು. ದೂರದ ಯಾವುದೋ ಚಳಿಯ ದೇಶದಿಂದ ಬಂದು, ಮೊದಲು ತಮಿಳು ಕಲಿತು, ಅದರ ಮೇಲೆ ಕನ್ನಡ ಸುರಿದುಕೊಂಡಿದ್ದರು. ಅವರ ಮೂಗಿನ ತುದಿ ಕೆಂಪಗೆ ಸುಲಿದಿತ್ತು.

ರಾಮಲಿಂಗ ಕಂಬಳಿ ತೆಗೆದ. ನಾನು ಆಗಲೇ ಅವನನ್ನು ಸರಿಯಾಗಿ ನೋಡಿದ್ದು. ಹಣೆ, ಕೆನ್ನೆ, ಎದೆ, ಭುಜ ಎಲ್ಲ ಬೆಂದ ಸೀಗಡಿಯ ಬಣ್ಣ. ಅದರ ಮೇಲೆ ಒಣಗಿ ಬಿರಿದ ಅರಿಸಿನ. ಬಿರುಕಿನಲ್ಲಿ ಏಳುತ್ತಿರುವ ತೆಳು ಸಿಪ್ಪೆ. ಇಪ್ಪತ್ತರ ಆಸುಪಾಸಿನ ಹುಡುಗ. ನಾಚಿಕೆಯಿಂದ ಇನ್ನಷ್ಟು ಕೆಂಪಾಗಲು ಅವನಲ್ಲಿ ಜಾಗವಿರಲಿಲ್ಲ.

ಸಿಸ್ಟರಮ್ಮ ಸೂಜಿಯಿಂದ ಅಲ್ಲಲ್ಲಿ ಮುಟ್ಟಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಅವನು ಪ್ರತಿ ಸಲವೂ ಬೆಚ್ಚಿಬಿದ್ದ. ಅವರು ನಕ್ಕರು.

"ರೋಗ ಇಲ್ಲೆ. ಬಿಸಿಲು. ಬರೀ ಬಿಸಿಲು. ನನ್ನ ಮೂಗು ನೋಡಿ, ಇದೇ." ಆಮೇಲೆ ಅವನ ತೋಳಿನ ಮೇಲೆ ಬೆರಳೆಳೆದು ಮೂಸಿದರು. "ಎಣ್ಣೆ ಹಾಕಿದ್ದು ಯಾರು?"

"ನಾನೇ ತಾಯಿ" ಎಂದರು ದೇವಮ್ಮ.

"ಎಣ್ಣೆ ಹಾಕಿ ಬಿಸಿಲಲ್ಲಿ ಬಿಟ್ಟರೆ ಹಪ್ಪಳ ಆಗುತ್ತದೆ, ಅಮ್ಮ."

ಎಲ್ಲವನ್ನೂ ತಣ್ಣೀರಲ್ಲಿ ತೊಳೆಯಿರಿ, ಒದ್ದೆ ಬಟ್ಟೆ ಹಾಕಿರಿ, ಸಿಪ್ಪೆ ಕೀಳಬೇಡಿ, ವಾಸಿಯಾಗುವ ತನಕ ನೆರಳಲ್ಲಿರಲಿ, ಆಮೇಲೆ ಈಜುವುದಾದರೆ ಹೊತ್ತು ಏರುವ ಮುಂಚೆ, ಅಂಗಿ ತೊಟ್ಟು ಈಜಲಿ ಎಂದರು. ಇಷ್ಟೇ. ನಮ್ಮ ಎರಡು ಮನೆಗಳ ಡಬ್ಬಿ, ಹಂಡೆ, ಕಂಬಳಿ, ಪರದೆಗಳ ವೈದ್ಯಕ್ಕೆ ಅವರು ಒಂದು ಬಕೆಟ್ ನೀರಿನಷ್ಟೂ ಬೆಲೆ ಕೊಡಲಿಲ್ಲ.

ಮಾವ ಗಂಟಲು ಸರಿಮಾಡಿಕೊಂಡು, "ಅಂಟಾಕಿಲ್ವಾ ಸಿಸ್ಟರಮ್ಮ?" ಎಂದು ಕೇಳಿದರು.

"ಬಿಸಿಲಿಗೆ ಹೋದರೆ ನಿಮಗೂ ಅಂಟುತ್ತದೆ" ಎಂದು ಅವರು ಒಳಗೆ ಹೋದರು.

ಆಸ್ಪತ್ರೆಯ ಹಿಂದಿನ ಬಾವಿಯ ಹತ್ತಿರ ಹೊಂಗೆ ಮರದ ನೆರಳಿತ್ತು. ದೇವಮ್ಮ ಮಗನ ಮೈಮೇಲೆ ನಿಧಾನಕ್ಕೆ ನೀರು ಸುರಿಯುತ್ತ ತಾವೇ ಮೆತ್ತಿದ ಅರಿಸಿನವನ್ನು ತಾವೇ ತೊಳೆದರು. ನಾನು ಸೇದಿ ಕೊಡುತ್ತಿದ್ದೆ. ಗೌರ ಸ್ವಲ್ಪ ದೂರ ಕೂತಿದ್ದಳು. ಅವಳಿಗೆ ಒಂದು ವಿಷಯ ಬಗೆಹರಿದಿರಲಿಲ್ಲ, ಬಗೆಹರಿಯದ್ದನ್ನು ಒಳಗಿಟ್ಟುಕೊಂಡು ಕೂರುವುದು ಅವಳ ಜಾಯಮಾನವಲ್ಲ.

"ಅಲ್ಲ, ಒಂದಿನ ಸುಟ್ಟಾಗ ಉರಿದಿಲ್ವಾ ನಿಮ್ಗೆ?"

"ಉರೀತು" ಎಂದ ರಾಮಲಿಂಗ.

"ಮತ್ತೆ ಮಾರನೇ ದಿನ ಯಾಕೋದ್ರಿ?"

 ದೇವಮ್ಮ ಚೊಂಬು ಹಿಡಿದು, "ಏಳ್ಲಾ, ನಾನೂ ಅದೇ ಕೇಳ್ತಾ ಇವ್ನಿ" ಎಂದರು.

"ಕರ್ರಗಾಗವ ಅಂತ" ಎಂದ ಅವನು ನೆಲ ನೋಡಿಕೊಂಡು.

ಜಗತ್ತಿನಲ್ಲಿ ಅಂಥ ಆಸೆ ಇರುವವನೊಬ್ಬನಿದ್ದಾನೆಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನನಗೆ ನಗು ಬಂದದ್ದೂ ನಿಜ. ಅವನು ಮುಂದೆ ಹೇಳಿದ್ದನ್ನು ಕೇಳಿ ಅದು ಅಲ್ಲೇ ನಿಂತಿತು.

"ಖಾದಿ ಮೆರವಣಿಗೆ ಬಂತಲ್ಲವ್ವ ಊರಿಗೆ, ನಾನೂ ಓದೆ. ಬಿಳಿ ದೊರೆ ಬಂದ ದಾರಿ ಬುಡಿ ಅಂದ್ರು. ಸಾಲಿಂದ ಈಚೆ ನಿಲ್ಲುಸ್ಬುಟ್ರು. ಎಲ್ರೂ ನಗ್ತಿದ್ರು, ನಾನೂ ನಕ್ಕೆ. ಅದೇನ್ ಇವತ್ತಿಂದಲ್ಲ, ಚಿಕ್ಕಂದಿಂದ್ಲೂ ಅಂಗೇ ಕರೀತರೆ. ಆದ್ರೆ ಅವತ್ತು ಒಬ್ಬ ಕೇಳ್ದ, ನಿಮ್ಮಪ್ಪ ಕರ್ರಗಿದ್ನಲ್ಲ, ಬಂಗ್ಲೆ ದೊರೆ ಮನೇಲಿ ನಿಮ್ಮವ್ವ ಏನ್ ಕೆಲ್ಸ ಮಾಡ್ತಿದ್ಲು ಅಂತ."

ಬಾವಿಯ ರಾಟೆಯ ಹಗ್ಗ ನನ್ನ ಕೈಯಲ್ಲೇ ಉಳಿಯಿತು.

"ನೀನು ನನ್ನ ಬಣ್ಣ ಎತ್ತಾಡ್ದಾಗೆಲ್ಲ ನಂಗೆ ಅದೇ ಗೆಪ್ತಿಗೆ ಬರಾದು. ಅಕ್ಕಪಕ್ಕದೋರ ಮುಂದೆ ನೀನೇ ಏಳ್ತಿದ್ದಲ್ಲ, ನನ್ ಮಗ ನೋಡಿ ಎಂಥಾ ಬಿಳುಪು ಅಂತ. ಅವ್ರು ನಗಾದು ನಿಂಗ್ ಕಾಣ್ತಿರ್ಲಿಲ್ಲ. ಕರ್ರಗಾಗ್ಬುಟ್ರೆ ಯಾರೂ ಏನೂ ಅನ್ನಾಕಿಲ್ಲ ಅನ್ಕಂಡೆ."

ದೇವಮ್ಮ ಚೊಂಬಿನಲ್ಲಿ ಉಳಿದ ನೀರನ್ನು ಅವನ ಹೆಗಲ ಮೇಲೆ ಹೊಯ್ದರು, ಬಗ್ಗಿ ಮತ್ತೆ ತುಂಬಿಕೊಂಡರು, ಮತ್ತೆ ಹೊಯ್ದರು. ಆಮೇಲೆ, "ನಿಮ್ಮಪ್ಪನ ಅವ್ವನೂ ಇಂಗೇ ಬಿಳುಪಾಗಿದ್ರು. ನೀನ್ ಉಟ್ದಾಗ ಅವ್ರು ಇರ್ಲಿಲ್ಲ. ಇದ್ದಿದ್ರೆ ಈ ಬಾಯ್ಗಳು ಮುಚ್ಚಿರವು" ಎಂದರು. ಅವರ ಧ್ವನಿಯಲ್ಲಿ ಅಳುವಿರಲಿಲ್ಲ.

ಅಲ್ಲಿಂದ ಅವರಿಬ್ಬರೂ ಕೊಳ್ಳೇಗಾಲಕ್ಕೆ ವಾಪಸಾಗಬೇಕು. ಬಸ್ಸಿರುವುದು ಸಂಜೆಗೆ, ಹನೂರಿನಿಂದ ಬರುತ್ತದೆ. ಬಿಸಿಲಲ್ಲಿ ರಸ್ತೆಯಂಚಿಗೆ ಕಾಯುವುದಕ್ಕಿಂತ ನಮ್ಮ ಜೊತೆ ಹನೂರಿಗೆ ಬಂದು, ಚಿಕ್ಕಮ್ಮನ ಮನೆಯಲ್ಲಿ ಉಂಡು ಬಸ್ಸು ಹತ್ತಲಿ ಎಂದೆ ನಾನು. ಸಿದ್ದಪ್ಪಮಾವ ಬೇಡ ಎನ್ನಲು ಬಾಯಿ ತೆರೆದು, ಕಾರಣ ಹೇಳಲಾಗದೆ ಮುಚ್ಚಿದರು. ಆ ಮುಖ ನೋಡಿದಾಗ ಮಧುವನಹಳ್ಳಿಯ ಕಾಫಿ ನನಗೆ ಅರ್ಥವಾಯಿತು.

"ಯಾರಿಗೆ ಏಳುದ್ರಿ ಮಾವ?"

"ಒಬ್ಬಂಗೆ ಕನವ್ವ. ಯಾರ್ಗೂ ಏಳ್ಬ್ಯಾಡ ಅಂತ್ಲೂ ಏಳಿವ್ನಿ."

ಹನೂರು

ಹನೂರು ಬೆಟ್ಟದ ಕಡೆಗೆ ಮುಖ ಮಾಡಿದ ಊರು. ಅಲ್ಲಿಯ ಜನ ಕಡಿಮೆ ಮಾತಿನವರು ಎಂದು ಮಾವ ನಮಗೆ ಮೊದಲೇ ಹೇಳಿದ್ದರು. ಇರಬಹುದು. ನಾವು ಬೀದಿಗೆ ತಿರುಗುವಷ್ಟರಲ್ಲಿ ಕಡಿಮೆ ಮಾತಿನವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನಮ್ಮ ಗಾಡಿ ಮುಂದೆ ಬಂದಂತೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಂಡರು. ದಲ್ಲಾಳಿ ಯಾರಿಗೂ ಹೇಳಬೇಡವೆಂಬ ಮಾತನ್ನೂ ಸೇರಿಸಿಯೇ ಎಲ್ಲರಿಗೂ ಹೇಳಿದ್ದ.

ಚಿಕ್ಕಮ್ಮ ಕೆಂಪಮ್ಮನವರು ನಮಗೆಲ್ಲ ಕಾಲಿಗೆ ನೀರು ಕೊಟ್ಟರು. ರಾಮಲಿಂಗನಿಗೆ ಅಂಗಳದ ಕೊನೆಯಲ್ಲಿ ಒಂದು ಹಳೆಯ ಮಡಕೆಯಲ್ಲಿ ನೀರಿಟ್ಟಿದ್ದರು. ಸಿದ್ದಪ್ಪಮಾವ ಜಗಲಿ ಹತ್ತಿ, ತಾವು ಮಾಡಿದ್ದನ್ನು ಸರಿಮಾಡಲು ನಿಂತರು.

"ಅಂಥಾದ್ದೇನೂ ಇಲ್ಲ ಕೆಂಪಮ್ಮ. ಕಾಮಗೆರೆ ಆಸ್ಪತ್ರೇಲೇ ತೋರ್ಸ್ಕಂಡು ಬಂದ್ವಿ."

"ಆಸ್ಪತ್ರೆಗೂ ಓಗಿದ್ರಾ?" ಎಂದರು ಚಿಕ್ಕಮ್ಮ ಇನ್ನೊಂದು ಹೆಜ್ಜೆ ಹಿಂದೆ ಸರಿದು.

ಮಾವ ಹೆಚ್ಚು ಹೇಳಿದಷ್ಟೂ ವಿಷಯ ಹೆಚ್ಚು ಗಟ್ಟಿಯಾಯಿತು. ಬಿಸಿಲಿನಿಂದ ಚರ್ಮ ಸುಲಿಯುತ್ತದೆಂದು ಹೇಳಿದರೆ ಆ ಊರಿನಲ್ಲಿ ನಂಬುವವರಾರು? ಅವರೆಲ್ಲ ಹುಟ್ಟಿನಿಂದ ಬಿಸಿಲಿನಲ್ಲಿ ದುಡಿದವರು, ಒಬ್ಬರ ಚರ್ಮವೂ ಹಾಗೆ ಸುಲಿದಿರಲಿಲ್ಲ.

ಊಟಕ್ಕೆ ಕರೆದರು. ಒಳಗೆ ನಡುಮನೆಯಲ್ಲಿ ನಾಲ್ಕು ಎಲೆ ಹಾಕಿದ್ದರು. ಐದನೆಯದು ಅಂಗಳದಲ್ಲಿ, ಮಡಕೆಯ ಪಕ್ಕ, ನೆತ್ತಿಯ ಬಿಸಿಲು ನೇರ ಬೀಳುವ ಕಡೆ.

ರಾಮಲಿಂಗ ಅದನ್ನು ನೋಡಿದ. ಸುಮ್ಮನೆ ಹೋಗಿ ಅದರ ಮುಂದೆ ಕೂತ. ಒದ್ದೆ ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಂಡ. ದೇವಮ್ಮನಿಗೆ ಎಲ್ಲಾ ತಿಳಿದುಹೋಯಿತು. ಮಾತು ತಮಗಿಂತ ಮುಂಚೆ ಬಂದು ಇಲ್ಲಿ ಕೂತಿದೆಯೆಂದು, ನಾಳೆ ಬಸ್ಸಿನಲ್ಲಿ ತಮ್ಮ ಬೀದಿಗೂ ಹೋಗುತ್ತದೆಂದು. ಅವರು ಹೊಸ್ತಿಲ ಮೇಲೆ ಒಳಗೂ ಹೋಗದೆ ಹೊರಗೂ ಹೋಗದೆ ಕಂಬ ಹಿಡಿದು ನಿಂತರು. ಸಿದ್ದಪ್ಪಮಾವನ ಕಡೆ ನೋಡಿದರು. ಬೈದಿದ್ದರೆ ಮಾವನಿಗೆ ಸುಲಭವಾಗುತ್ತಿತ್ತು.

ಗೌರ ನಡುಮನೆಯಲ್ಲಿ ತನ್ನ ಎಲೆಯ ಮುಂದೆ ಕೂತಿದ್ದಳು. ಆಗಲೇ ಅನ್ನ ಬಡಿಸಿ ಆಗಿತ್ತು. ಅವಳು ಎದ್ದಳು, ಎಲೆಯನ್ನು ಅನ್ನದ ಸಮೇತ ಎರಡೂ ಕೈಯಲ್ಲಿ ಎತ್ತಿಕೊಂಡಳು, ಹೊಸ್ತಿಲು ದಾಟಿ ಅಂಗಳಕ್ಕೆ ಹೋಗಿ ರಾಮಲಿಂಗನ ಪಕ್ಕದಲ್ಲಿ ಕೂತಳು. ತಲೆಯ ಮೇಲೆ ಸೆರಗಿರಲಿಲ್ಲ. ಮುಖಕ್ಕೆ ಬಿಸಿಲು ರಾಚುತ್ತಿತ್ತು.

"ನಿಮ್ಗೆ ಸಾರು ಆಕ್ಲಿಲ್ವಾ?" ಎಂದು ಕೇಳಿದಳು ಅವನನ್ನು.

"ಇಲ್ಲ."

"ಚಿಕ್ಕಮ್ಮ, ಇಲ್ಲಿ ಸಾರು ಆಕಿಲ್ಲ" ಎಂದಳು, ಮನೆಯವರೊಂದಿಗೆ ಮನೆಮಾತಾಡುವ ಧ್ವನಿಯಲ್ಲಿ. ಅವನ ಪಕ್ಕದ ಮಡಕೆಯಿಂದ ನೀರು ಬಗ್ಗಿಸಿಕೊಂಡು ಕುಡಿದಳು.

 ಕೆಂಪಮ್ಮನವರ ಕೈಯಲ್ಲಿ ಸೌಟು ಅಲ್ಲೇ ನಿಂತಿತ್ತು. ಮದುವೆಯಾಗದ ಹುಡುಗಿ, ಪರಗಂಡಸಿನ ಪಕ್ಕ, ಅದೂ ಆ ರೋಗದವನೆಂದು ಊರೇ ಹೇಳುತ್ತಿರುವವನ ಪಕ್ಕ. ಇದನ್ನು ನಾನು ತಡೆಯಬೇಕಿತ್ತು, ಅತ್ತೆ ನನ್ನನ್ನು ಕಳಿಸಿದ್ದೇ ಅದಕ್ಕೆ. ಅ‌ಷ್ಟರಲ್ಲಿ ನನ್ನ ಎಲೆಯೂ ನನ್ನ ಕೈಗೆ ಬಂದಿತ್ತು. ಅಂಗಳದ ನೆಲ ಕಾದ ಬಾಣಲೆಯಂತಿತ್ತು. ಕೂತೆ. ದೇವಮ್ಮ ಬಂದು ನನ್ನ ಪಕ್ಕದಲ್ಲಿ ಕೂತರು.

ಒಳಗೆ ಒಬ್ಬರೇ ಉಳಿದ ಸಿದ್ದಪ್ಪಮಾವ ಎರಡು ತುತ್ತು ಬಾಯಿಗಿಟ್ಟು ನೋಡಿದರು.  ಅವರೂ ಎಲೆ ಹಿಡಿದು ಬಂದರು, ರಾಮಲಿಂಗನ ಇನ್ನೊಂದು ಪಕ್ಕಕ್ಕೇ ಕೂತರು, ಬೀದಿಗೆಲ್ಲ ಕೇಳುವಂತೆ ಹೇಳಿದರು:

"ತಪ್ಪು ನಂದು. ಗೊತ್ತಿಲ್ದೆ ಬಾಯ್ ಬುಟ್ಟೆ. ಉಡ್ಗ ಬಿಸ್ಲಿಗೆ ಸುಟ್ಟವ್ನೆ, ಅಷ್ಟೆಯಾ. ಅಂಟ್ಕಂಡ್ರೆ ನಂಗೇ ಮೊದ್ಲು ಅಂಟ್ಲಿ."

ಆಸ್ಪತ್ರೆಯ ಮಾತಿಗೆ ಬಗ್ಗದ ಹನೂರು ಇದಕ್ಕೆ ಸ್ವಲ್ಪ ಬಗ್ಗಿತು. ಕೆಂಪಮ್ಮನವರು ಸಾರು ತಂದರು. ರಾಮಲಿಂಗನ ಎಲೆಗೆ ಮೊದಲು ದೂರದಿಂದ ಸುರಿದರು. ಎರಡನೆಯ ಸಲ ಬಗ್ಗಿ ಬಡಿಸಿದರು. ಮೂರನೆಯ ಸಲ, "ಬಿಸ್ಲಲ್ಲಿ ಯಾಕಪ್ಪ ಕುಂತಿದ್ದೀಯೆ, ಸುಟ್ಟ ಮೈ, ಒಳಗ್ ಬಾ" ಎಂದು ಅವರೇ ಅವನನ್ನು ಅಲ್ಲಿ ಕೂರಿಸಿದ್ದನ್ನು ಮರೆತು ಗದರಿದರು. ಎಲ್ಲರೂ ಎಲೆ ಎತ್ತಿಕೊಂಡು ಒಳಗೆ ಹೋದೆವು. ಒಂದೇ ಊಟವನ್ನು ಎರಡು ಸಲ ಹೊಸ್ತಿಲು ದಾಟಿಸಿದ್ದು ನನ್ನ ಪ್ರವಾಸದಲ್ಲಿ ಅದೇ ಮೊದಲು.

ಸಂಜೆ ಬಸ್ಸಿಗೆ ಅವರನ್ನು ಹತ್ತಿಸಲು ಹೋದೆವು. ರಾಮಲಿಂಗ ಕೆಂಪಮ್ಮನವರ ಗಂಡನ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದ. ಅದನ್ನು ಕೇಳಿ ತಂದುಕೊಟ್ಟವಳು ಗೌರ. ಅವಳ ಮುಖ ಆ ಮಧ್ಯಾಹ್ನದ ಅಂಗಳದಲ್ಲಿ ಚೆನ್ನಾಗಿಯೇ ಕಂದಿತ್ತು. ಅತ್ತೆಗೆ ನಾನು ಏನು ಉತ್ತರ ಹೇಳಬೇಕೆಂದು ಯೋಚಿಸುತ್ತಿದ್ದೆ. ಸಿದ್ದಪ್ಪಮಾವ ದೇವಮ್ಮನನ್ನು ಪಕ್ಕಕ್ಕೆ ಕರೆದು, ಹಿರಿಯರನ್ನು ಕೂರಿಸಿ, ಜಾತಕ ನೋಡಿ, ಕ್ರಮವಾಗಿ ಮಾತುಕತೆಯಾಗಬೇಕೆಂದು ಶುರು ಮಾಡಿದರು. ದೇವಮ್ಮ ಅವರ ಮಾತನ್ನು ಅರ್ಧಕ್ಕೇ ಬಿಟ್ಟು ನನ್ನ ಹತ್ತಿರ ಬಂದರು. ಗೌರಳ ಬಣ್ಣದ ಬಗ್ಗೆ ಏನಾದರೂ ಹೇಳುತ್ತಾರೆಂದು ನಾನು ಎದೆ ಗಟ್ಟಿ ಮಾಡಿಕೊಂಡೆ.

"ನಿಮ್ ಉಡ್ಗಿ ಒತ್ತಾರೆ ಏಳ್ತದಾ?" ಎಂದು ಕೇಳಿದರು.

"ಏಳ್ತಾಳೆ ದೇವಮ್ಮನೋರೆ. ಯಾಕೆ?"

"ಒತ್ತು ಮೂಡಾಕ್ ಮುಂಚೆ ಅವ್ಳೇ ಎಬ್ಬಿಸ್ಕಂಡು ಕೆರೆಗೆ ಕರ್ಕಂಡೋಗ್ಲಿ. ನಾನ್ ಎಬ್ಬುಸುದ್ರೆ ಏಳಾಕಿಲ್ಲ ಅವ್ನು" ಎಂದು ಹೇಳಿ, ಸೆರಗು ಬಿಗಿದುಕೊಂಡು ಬಸ್ಸು ಹತ್ತಿದರು.